ಹತ್ತಕ್ಕೆ ಆರು

ಜನ ಬೇಡವೆಂದು ವಾಪಸ್ಸು ಕಳಿಸಿದ ಸಾಮಾನುಗಳ ನಡುವೆಯೇ ದಿವ್ಯಳ ದಿನ ಕಳೆಯುತ್ತಿತ್ತು. ದಾಬಸ್‌ಪೇಟೆಯ ಹೆದ್ದಾರಿ ಪಕ್ಕದ ಒಂದು ದೊಡ್ಡ ಗೋದಾಮಿನಲ್ಲಿ ಅವಳು ರಿಟರ್ನ್ಸ್ ವಿಭಾಗದ ಸೂಪರ್‌ವೈಸರ್. ದೊಡ್ಡಬೆಳವಂಗಲದಲ್ಲಿ ಆರೂಮುಕ್ಕಾಲಿಗೆ ಕಂಪನಿ ಬಸ್ಸು ಹತ್ತಿದರೆ ಎಂಟಕ್ಕೆ ಮೊದಲೇ ಮೇಜಿನ ಮುಂದೆ ನಿಂತಿರುತ್ತಿದ್ದಳು. ಮಿಕ್ಸಿ, ಶೂ, ಹೆಡ್‌ಫೋನು, ಮಕ್ಕಳ ಸೈಕಲ್ಲು. ಒಂದೊಂದು ಪೆಟ್ಟಿಗೆಯ ಮೇಲೂ ಗಿರಾಕಿ ಬರೆದ ಕಾರಣದ ಚೀಟಿ. ಅದನ್ನು ಓದಿ, ಸಾಮಾನು ಬಿಚ್ಚಿ, ಹೇಳಿದ್ದು ನಿಜವೋ ನೆಪವೋ ಎಂದು ತೀರ್ಮಾನಿಸಬೇಕು. ಹನ್ನೊಂದು ವರ್ಷದಲ್ಲಿ ಅವಳು ಚೀಟಿ ಓದುವುದರಲ್ಲಿ ಎಷ್ಟು ಪಳಗಿದ್ದಳೆಂದರೆ, ‘ಬಣ್ಣ ಇಷ್ಟವಾಗಲಿಲ್ಲ’ ಎಂದಿದ್ದರೆ ಒಂದು ಸಲ ಉಟ್ಟು ಮದುವೆಗೆ ಹೋಗಿಬಂದಿದ್ದಾರೆ ಎಂದು ಸೀರೆಯ ಅಂಚು ನೋಡದೆಯೇ ಹೇಳುತ್ತಿದ್ದಳು.

ಹೋದ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವಳ ಮೇಜಿಗೆ ಕಣ್ಣಿಗೆ ಕಟ್ಟಿಕೊಳ್ಳುವಂಥ ವಿಆರ್ ಹೆಡ್‌ಸೆಟ್ ಒಂದು ಬಂತು. ಒಳಗೆ ಒಂದು ಆಟವನ್ನು ಹಾಕಿಯೇ ಮಾರಿದ್ದರು. ಚೀಟಿಯಲ್ಲಿ ಹೀಗಿತ್ತು: ‘ನೋಡಕ್ಕೆ ಚೆನ್ನಾಗಿದೆ. ಎರಡು ಗಂಟೇಲಿ ಮುಗಿದೋಗುತ್ತೆ. ಕಥೆ ಇಲ್ಲ. ಕೈ ನೋವು.’

ದಿವ್ಯ ಅದನ್ನು ಎರಡು ಸಲ ಓದಿದಳು. ಆಮೇಲೆ ಪೆಟ್ಟಿಗೆ ತಿರುಗಿಸಿ ಆಟದ ಹೆಸರು ನೋಡಿದಳು. ‘ಸೊನಾರಾ’.

“ಅಕ್ಕಾ, ಏನು ಓದ್ತಾ ನಿಂತ್ಬಿಟ್ರಿ? ಲೈನ್ ತುಂಬ್ಕೊಳ್ತಾ ಇದೆ,” ಎಂದಳು ಪಕ್ಕದ ಮೇಜಿನ ರಂಜಿತ.

“ಇದನ್ನ ಓಡ್ಸಿ ನೋಡ್ಬೇಕು. ಹತ್ತು ನಿಮಿಷ ನೀನು ನೋಡ್ಕೋ.”

ವಿದ್ಯುತ್ ಸಾಮಾನನ್ನು ಓಡಿಸಿ ನೋಡುವುದು ನಿಯಮವೇ ಆಗಿತ್ತು. ದಿವ್ಯ ಅದನ್ನು ತಲೆಗೆ ಕಟ್ಟಿಕೊಂಡಳು. ಗೋದಾಮು ಮಾಯವಾಗಿ ನೀಲಿ ತುಂಬಿಕೊಂಡಿತು. ದೂರದಿಂದ ಬೆಳಕಿನ ಬೀಜಗಳು ತೇಲಿ ಬಂದವು. ಕೈಯಾಡಿಸಿದರೆ ಒಂದೊಂದೇ ಕೆಂಪಾಗಿ ಹೊತ್ತಿಕೊಳ್ಳುತ್ತಿದ್ದವು. ಅಂಗೈ ಮುಂದೆ ತಳ್ಳಿದರೆ ಸಿಡಿಯುತ್ತಿದ್ದವು. ಸಿಡಿದದ್ದು ತಾಳಕ್ಕೆ ಸರಿಯಾಗಿದ್ದರೆ ಆ ಸದ್ದೇ ಹಾಡಿನೊಳಗೆ ಸೇರಿಕೊಳ್ಳುತ್ತಿತ್ತು. ಎದುರಿನ ಗೋಡೆಯೇ ಹೂವಾಗಿ ಬಿರಿದು, ಹೂವಿನೊಳಗಿಂದ ಮತ್ತೊಂದು ಆಕಾಶ ತೆರೆಯಿತು. ಹದಿನಾಲ್ಕು ವರ್ಷದ ಹಿಂದಿನ ಅದೇ ಹಾಡು. ಅವಳ ಕೈ ತಾನಾಗಿ ಮೇಲೆದ್ದಿತು. ಮೇಲೆದ್ದ ಕೈ ಅಲ್ಲೇ ನಿಂತಿತು.

ಹೆಡ್‌ಸೆಟ್ ತೆಗೆದಾಗ ಅವಳ ಕಣ್ಣು ಒದ್ದೆಯಾಗಿತ್ತು.

“ತಲೆ ಸುತ್ತಿತಾ ಅಕ್ಕಾ?”

“ಹೂಂ ಕಣೇ. ಸ್ವಲ್ಪ.”

ದಿವ್ಯ ತೂಬಗೆರೆಯ ಮುನಿವೆಂಕಟಪ್ಪನವರ ಮಗಳು. ಡಿಗ್ರಿಗೆ ದಿನಾ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಬರುತ್ತಿದ್ದಳು. ಅಲ್ಲಿ ಮೊದಲನೇ ವರ್ಷವೇ ಪಕ್ಕದಲ್ಲಿ ಕೂತವಳು ನಿಶತ್. ನಿಶತ್‌ಳ ತಂದೆ ನೂರ್ ಅಹಮದ್ ಹಳೇ ಬಸ್ ನಿಲ್ದಾಣದ ಹತ್ತಿರ ಟಿವಿ ರಿಪೇರಿ ಅಂಗಡಿ ಇಟ್ಟಿದ್ದರು. ಟಿವಿಯ ಜೊತೆಗೆ ವಿಡಿಯೊ ಗೇಮಿನ ಪೆಟ್ಟಿಗೆಗಳೂ ರಿಪೇರಿಗೆ ಬರುತ್ತಿದ್ದವು. ರಿಪೇರಿ ಆದಮೇಲೆ ‘ಟೆಸ್ಟಿಂಗ್’ ಎಂಬ ಹೆಸರಿನಲ್ಲಿ ನಿಶತ್ ಅವುಗಳನ್ನು ಮನೆಗೆ ತರುತ್ತಿದ್ದಳು. ಊರಿನ ಹುಡುಗರು ಯಾರೂ ಕಂಡಿರದ ಆಟಗಳನ್ನು ಈ ಇಬ್ಬರು ಹುಡುಗಿಯರು ಮಗ್ಗಗಳ ಓಣಿಯ ಒಂದು ಪುಟ್ಟ ಮನೆಯಲ್ಲಿ ಕೂತು ಆಡಿ ಮುಗಿಸಿದ್ದರು.

ಆಡಿದ್ದನ್ನು ಬರೆಯೋಣ ಎಂದದ್ದು ನಿಶತ್. ಅವಳು ನೋಟ್‌ಬುಕ್ಕಿನಲ್ಲಿ ಒಂದೇ ಸಮನೆ ಬರೆಯುವಳು. ದಿವ್ಯ ಸೈಬರ್ ಸೆಂಟರಿನಲ್ಲಿ ಕೂತು ಟೈಪು ಮಾಡಿ, ತಿದ್ದಿ, ಬ್ಲಾಗಿಗೆ ಹಾಕುವಳು. ‘ಇಬ್ಬರ ಆಟ’ ಎಂದು ಅದಕ್ಕೆ ಹೆಸರು. ಕನ್ನಡದಲ್ಲಿ ಗೇಮುಗಳ ವಿಮರ್ಶೆ ಎಂದರೆ ಆಗ ಎಷ್ಟು ಜನ ಓದಬೇಕು? ಆದರೂ ಮುನ್ನೂರು, ನಾನ್ನೂರು ಜನ ಓದುತ್ತಿದ್ದರು. ಒಬ್ಬ ಪುಣ್ಯಾತ್ಮ ದಾವಣಗೆರೆಯಿಂದ ಪ್ರತಿ ಬರಹಕ್ಕೂ ತಪ್ಪದೆ ‘ಸೂಪರ್ ಗುರು’ ಎಂದು ಹಾಕುತ್ತಿದ್ದ. ಬರೆಯುತ್ತಿರುವುದು ಹುಡುಗಿಯರು ಎಂದು ಅವನಿಗೆ ಕೊನೆಯತನಕ ಗೊತ್ತಾಗಲಿಲ್ಲ.

ಸೊನಾರಾ ಬಂದದ್ದು ಎರಡನೇ ವರ್ಷದಲ್ಲಿ. ದೇವನಹಳ್ಳಿ ಕಡೆಯ ತೋಟದ ಮನೆಯವರೊಬ್ಬರ ಗೇಮ್ ಪೆಟ್ಟಿಗೆ ಸುಟ್ಟುಹೋಗಿ ನೂರ್ ಅಹಮದರ ಅಂಗಡಿಗೆ ಬಂದಿತ್ತು. ಅದರ ಜೊತೆ ಒಂದು ಕ್ಯಾಮೆರಾ. ಟಿವಿಯ ಮೇಲಿಟ್ಟರೆ ಅದು ನಿಂತವರ ಕೈಕಾಲನ್ನು ನೋಡುತ್ತದೆ. ಕೈಯಲ್ಲಿ ಏನೂ ಹಿಡಿಯದೆ ಆಡಬಹುದು. ಯಜಮಾನರು ಪರದೇಶಕ್ಕೆ ಹೋಗಿದ್ದರು. ಮೂರು ವಾರ ನಿಮ್ಮಲ್ಲೇ ಇರಲಿ, ಚೆನ್ನಾಗಿ ಓಡಿಸಿ ನೋಡಿ ಎಂದು ಫೋನಿನಲ್ಲಿ ಹೇಳಿದ್ದರು.

ಕ್ಯಾಮೆರಾಕ್ಕೆ ಎಂಟು ಅಡಿ ದೂರ ಬೇಕಿತ್ತು. ನಿಶತ್‌ಳ ಮನೆಯ ನಡುಮನೆಯೇ ಒಂಬತ್ತು ಅಡಿ. ಮಂಚವನ್ನು ಎತ್ತಿ ಓಣಿಗೆ ಹಾಕಿದರು, ಬೀರುವನ್ನು ಸರಿಸಿದರು, ಬೆನ್ನು ಗೋಡೆಗೆ ತಾಗುವ ಹಾಗೆ ನಿಂತು ಆಡಿದರು. ಗುಂಡು ಹೊಡೆಯುವ ಆಟವೇನೋ ಹೌದು; ಆದರೆ ರಕ್ತವಿಲ್ಲ, ಶತ್ರುವಿಗೆ ಮುಖವಿಲ್ಲ. ಬಣ್ಣ ಕರಗಿ ಬಣ್ಣವಾಗುವುದು, ಹೊಡೆದದ್ದು ಹಾಡಾಗುವುದು, ಅಷ್ಟೆ. ಇಬ್ಬರಿಗೂ ಸರಿಯಾಗಿ ಬರಲಿಲ್ಲ. ಕೈ ಬೀಸಿದರೆ ಬೆಳಕು ಒಂದು ಗಳಿಗೆ ತಡವಾಗಿ ಬಂದಂತೆ ಕಾಣುತ್ತಿತ್ತು.

ನಿಶತ್‌ಳ ತಾಯಿ ಅನ್ವರ್ ಬೇಗಂ ಮಗ್ಗದ ಕೆಲಸ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಮಾತು ಕಡಿಮೆಯ ಹೆಂಗಸು. ಪಕ್ಕದ ಓಣಿಯ ಪವರ್‌ಲೂಮಿನಲ್ಲಿ ಇಪ್ಪತ್ತೆರಡು ವರ್ಷ ನಿಂತವರು.

“ಏನಿದರ ಹೆಸರು ಬೇಟಿ?”

“ಸೊನಾರಾ, ಅಮ್ಮಿ,” ಎಂದಳು ದಿವ್ಯ. ಅವಳೂ ಅವರನ್ನು ಹಾಗೆಯೇ ಕರೆಯುತ್ತಿದ್ದಳು.

“ಸುನಾರ್? ಅಕ್ಕಸಾಲಿ ಆಟಾನಾ?”

ಇಬ್ಬರೂ ನಕ್ಕರು. ನಕ್ಕು, ಕೈ ಹಿಡಿದು ಎಳೆದು ಅವರನ್ನೇ ನಡುವೆ ನಿಲ್ಲಿಸಿದರು. ಅನ್ವರ್ ಬೇಗಂ ಸೆರಗು ಬಿಗಿಮಾಡಿಕೊಂಡು ಮೊದಲು ಸುಮ್ಮನೆ ನಿಂತರು. ಕಣ್ಣು ಅರ್ಧ ಮುಚ್ಚಿದ್ದರು. ಆಮೇಲೆ ಬಲಗೈ ಎತ್ತಿದರು. ಎತ್ತಿ, ಹರಿದ ಎಳೆಯನ್ನು ಹುಡುಕಿ ಗಂಟು ಹಾಕುವವರ ಹಾಗೆ ಬೆರಳಾಡಿಸಿ, ತಳ್ಳಿದರು. ಒಂದೂ ತಪ್ಪಲಿಲ್ಲ. ಹಾಡು ಅವರ ಕೈಯ ಹಿಂದೆಯೇ ಬರುತ್ತಿತ್ತು. ಓಣಿಯ ಮಂಚದ ಮೇಲೆ ಕೂತಿದ್ದ ನೂರ್ ಅಹಮದ್ ಒಳಗೆ ಇಣುಕಿ, “ಯಾ ಅಲ್ಲಾ, ಇವಳು ಯಾವಾಗ ಕಲಿತಳು ಇದನ್ನ!” ಎಂದರು. ಪರದೆಯ ಮೇಲೆ ಬಂದ ಅಂಕ ಹುಡುಗಿಯರ ಅಂಕಕ್ಕಿಂತ ಮೂರು ಪಟ್ಟು ಹೆಚ್ಚಿತ್ತು. ಆ ದಿನ ಅನ್ವರ್ ಬೇಗಂ ನಕ್ಕ ಹಾಗೆ ದಿವ್ಯ ಮುಂದೆಂದೂ ಯಾರೂ ನಕ್ಕಿದ್ದನ್ನು ಕಾಣಲಿಲ್ಲ.

ಅದೇ ತಿಂಗಳು ಬೆಂಗಳೂರಿನ ಪತ್ರಿಕೆಯೊಂದರ ಯುವ ಪುರವಣಿಯಿಂದ ಮೇಲ್ ಬಂತು. ನಿಮ್ಮ ಬ್ಲಾಗ್ ನೋಡಿದೆವು, ಸೊನಾರಾ ಬಗ್ಗೆ ಮುನ್ನೂರೈವತ್ತು ಪದ ಬರೆದುಕೊಡಿ, ಹತ್ತಕ್ಕೆ ಎಷ್ಟು ಅಂಕ ಎಂದೂ ಹಾಕಿ. ನಿಶತ್ ಎರಡೇ ದಿನದಲ್ಲಿ ಬರೆದಳು. ಏಳುನೂರು ಪದ. ಅಂಕ ಕೊಟ್ಟಿರಲಿಲ್ಲ. ‘ನನ್ನ ಹತ್ತಿರ ಇದಕ್ಕೆ ಅಂಕ ಇಲ್ಲ’ ಎಂದು ಕೊನೆಗೆ ಬರೆದಿದ್ದಳು.

“ನೀನೇ ಸರಿಮಾಡಿ ಕಳ್ಸೇ,” ಎಂದು ನೋಟ್‌ಬುಕ್ ಕೊಟ್ಟಳು. “ಅಮ್ಮಿ ವಿಷಯ ಇದೆಯಲ್ಲ, ಅದೊಂದು ಇರ್ಲಿ.”

ದಿವ್ಯ ಸೈಬರ್ ಸೆಂಟರಿನಲ್ಲಿ ಮೊದಲು ಎಲ್ಲವನ್ನೂ ಟೈಪು ಮಾಡಿ, ಕಳೆದುಹೋಗದಿರಲಿ ಎಂದು ತನ್ನ ಮೇಲಿಗೇ ಕಳಿಸಿಕೊಂಡಳು. ಆಮೇಲೆ ಬೇರೆಯವರು ಏನಂದಿದ್ದಾರೆ ನೋಡೋಣ ಎಂದು ಇಂಗ್ಲಿಷಿನ ವಿಮರ್ಶೆಗಳನ್ನು ತೆರೆದಳು. ಅಮೆರಿಕದವರು, ಇಂಗ್ಲೆಂಡಿನವರು, ಎಲ್ಲರೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದ್ದರು. ಕಣ್ಣಿಗೆ ಹಬ್ಬ, ಕಿವಿಗೆ ಹಬ್ಬ. ಆದರೆ ಬಹಳ ಚಿಕ್ಕದು, ಕಥೆಯಿಲ್ಲ, ಕೈ ಸೋಲುತ್ತದೆ, ಕ್ಯಾಮೆರಾ ತಡ ಮಾಡುತ್ತದೆ. ಓದುತ್ತ ಓದುತ್ತ ದಿವ್ಯಳಿಗೆ ಅಳುಕು ಹುಟ್ಟಿತು. ಮೊದಲ ಸಲ ಅಚ್ಚಿನಲ್ಲಿ ಬರುತ್ತಿದೆ. ಇಷ್ಟು ದೊಡ್ಡವರೆಲ್ಲ ತಡ ಅಂದದ್ದನ್ನು ದೊಡ್ಡಬಳ್ಳಾಪುರದ ಮಗ್ಗದ ಹೆಂಗಸೊಬ್ಬರು ಅಲ್ಲ ಅಂದರೆ ಯಾರು ನಂಬುತ್ತಾರೆ? ಹಳ್ಳಿ ಹುಡುಗಿಯರು ಮನೆ ಕಥೆ ಬರೆದಿದ್ದಾರೆ ಎಂದು ನಗುವುದಿಲ್ಲವೇ?

ಅಮ್ಮಿಯ ಪ್ಯಾರಾವನ್ನು ಅವಳು ಕಿತ್ತುಹಾಕಿದಳು. ‘ಕ್ಯಾಮೆರಾ ತಡ ಮಾಡುತ್ತದೆ, ಕೈ ನೋವು ಬರುತ್ತದೆ’ ಎಂಬ ಸಾಲನ್ನು ತಾನೇ ಸೇರಿಸಿದಳು. ಕೊನೆಗೆ ‘ಹತ್ತಕ್ಕೆ ಆರು’ ಎಂದು ಹಾಕಿ ಕಳಿಸಿಬಿಟ್ಟಳು. ಹೆಸರು ನಿಶತ್‌ಳದು.

ಪುರವಣಿ ಬಂದ ದಿನ ದಿವ್ಯ ಓಡೋಡಿ ನಿಶತ್‌ಳ ಮನೆಗೆ ಹೋದಳು. ಅಷ್ಟರಲ್ಲಿ ನೂರ್ ಅಹಮದ್ ಐದು ಪ್ರತಿ ತಂದಿದ್ದರು. ಅನ್ವರ್ ಬೇಗಂ ಅಂದು ಅರ್ಧ ದಿನ ರಜೆ ಹಾಕಿ, ಕೈ ತೊಳೆದು ಬಂದು ಕೂತಿದ್ದರು. ನಿಶತ್ ಜೋರಾಗಿ ಓದಲು ಶುರು ಮಾಡಿದಳು. ಓದುತ್ತ ಅವಳ ದನಿ ಇಳಿಯುತ್ತ ಬಂತು. ಕೊನೆಯ ಸಾಲು ಓದಿ ನಿಲ್ಲಿಸಿದಳು.

“ನನ್ನ ಬಗ್ಗೆ ಬರೆದಿದೀನಿ ಅಂದ್ಯಲ್ಲ,” ಎಂದರು ಅನ್ವರ್ ಬೇಗಂ. “ಕಿದರ್ ಹೈ?”

“ಜಾಗ ಸಾಲ್ಲಿಲ್ಲ ಅಮ್ಮಿ,” ಎಂದಳು ನಿಶತ್. ದಿವ್ಯಳ ಕಡೆ ನೋಡಲಿಲ್ಲ.

“ಹೋಗ್ಲಿ ಬಿಡು. ಹೆಸರು ಬಂದಿದೆಯಲ್ಲ,” ಎಂದು ಅವರು ಎದ್ದು ಇಬ್ಬರಿಗೂ ಚಹಾ ಮಾಡಿಕೊಟ್ಟರು.

ಅವತ್ತು ನಿಶತ್ ಜಗಳ ಆಡಿದ್ದರೆ ಚೆನ್ನಾಗಿತ್ತು ಎಂದು ದಿವ್ಯ ಎಷ್ಟು ಸಲ ಅಂದುಕೊಂಡಿದ್ದಾಳೋ. ಆಡಲಿಲ್ಲ. ಕಾಲೇಜಿನಲ್ಲಿ ಅದೇ ಬೆಂಚಿನಲ್ಲಿ ಕೂತಳು, ನೋಟ್ಸು ಕೊಟ್ಟಳು. ಬರೆಯುವುದನ್ನು ಮಾತ್ರ ನಿಲ್ಲಿಸಿದಳು. “ಏನೇ, ಹೊಸದೇನಾದ್ರೂ ಬರ್ದ್ಯಾ?” ಎಂದರೆ “ಪರೀಕ್ಷೆ ಕಣೇ” ಎನ್ನುವಳು. ಬ್ಲಾಗು ಹಾಗೆಯೇ ನಿಂತುಹೋಯಿತು. ಏಳೆಂಟು ತಿಂಗಳ ಮೇಲೆ ಹೊರದೇಶದ ವಿಮರ್ಶಕನೊಬ್ಬ ಸೊನಾರಾ ಬಗ್ಗೆ ಉದ್ದನೆಯ ಲೇಖನ ಬರೆದ. ಈ ಆಟವನ್ನು ಎಲ್ಲರೂ ತಪ್ಪಾಗಿ ಆಡಿದ್ದಾರೆ, ಇದನ್ನು ಕಣ್ಣಿನಿಂದಲ್ಲ, ಕಿವಿಯಿಂದ ಆಡಬೇಕು ಎಂಬುದು ಅವನ ಮಾತು. ಎಂಥ ಒಳನೋಟ ಎಂದು ಜನ ಕೊಂಡಾಡಿದರು. ದಿವ್ಯ ಅದನ್ನು ಓದಿದ ದಿನ ಊಟ ಮಾಡಲಿಲ್ಲ. ನಿಶತ್‌ಗೆ ಹೇಳಲೂ ಇಲ್ಲ.

ಆಮೇಲೆ ಬದುಕು ತನ್ನ ಪಾಡಿಗೆ ನಡೆಯಿತು. ನಿಶತ್ ಬಿ.ಎಡ್. ಮುಗಿಸಿ ಮದುವೆಯಾಗಿ ಹೊಸಕೋಟೆಗೆ ಹೋದಳು. ಅಲ್ಲಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ದಿವ್ಯ ವಿಜಯ್‌ನನ್ನು ಮದುವೆಯಾಗಿ ದೊಡ್ಡಬೆಳವಂಗಲಕ್ಕೆ ಬಂದಳು. ಒಳ್ಳೆಯ ಗಂಡ, ಒಳ್ಳೆಯ ಮನೆ. ಆದರೆ ಹೊಸ ಆಟವೊಂದು ಬಂದ ಸುದ್ದಿ ಕಂಡಾಗಲೆಲ್ಲ ನಿಶತ್ ಇದಕ್ಕೆ ಏನು ಹೇಳುತ್ತಿದ್ದಳು ಎಂಬ ಯೋಚನೆ ಮೊದಲು ಬರುತ್ತಿತ್ತು. ಅವಳು ಹೇಳುತ್ತಿದ್ದ ರೀತಿ, ಮಧ್ಯದಲ್ಲಿ ತಾನೇ ತನ್ನ ಮಾತಿಗೆ ನಗುತ್ತಿದ್ದ ರೀತಿ, ಎಲ್ಲ ಕಿವಿಯಲ್ಲಿ ಇತ್ತು. ಅದನ್ನು ಕೇಳಬಹುದಾದ ಇನ್ನೊಬ್ಬರು ಇರಲಿಲ್ಲ. ಕೊರೊನಾದ ಎರಡನೇ ಅಲೆಯಲ್ಲಿ ಅನ್ವರ್ ಬೇಗಂ ತೀರಿಕೊಂಡರು. ದಿವ್ಯಳಿಗೆ ತಿಳಿದದ್ದು ಹದಿನೈದು ದಿನದ ಮೇಲೆ, ಕಾಲೇಜಿನ ಗೆಳತಿಯೊಬ್ಬಳ ವಾಟ್ಸಾಪ್ ಸ್ಟೇಟಸ್ಸಿನಿಂದ. ಫೋನು ಕೈಗೆತ್ತಿಕೊಂಡಳು. ಇಷ್ಟು ದಿನ ಇಲ್ಲದವಳು ಈಗ ಏನೆಂದು ಮಾತಾಡುವುದು? ಕೆಳಗಿಟ್ಟಳು.

ಹೆಡ್‌ಸೆಟ್ ಕಟ್ಟಿಕೊಂಡ ಆ ದಿನ ಸಂಜೆ ಗೋದಾಮಿನಿಂದ ವಾಪಸ್ಸು ಬರುವಾಗ ಬಸ್ಸಿನಲ್ಲಿ ದಿವ್ಯ, ಹೊಸ ರೂಪದಲ್ಲಿ ಮತ್ತೆ ಬಂದ ಸೊನಾರಾದ ವಿಮರ್ಶೆಗಳನ್ನು ಹುಡುಕಿ ಓದಿದಳು. ‘ಕಾಲಕ್ಕಿಂತ ಮುಂಚೆ ಬಂದ ಆಟ’, ‘ಅಂದು ನಾವು ಅನ್ಯಾಯ ಮಾಡಿದೆವು’ ಎಂದೆಲ್ಲ ಬರೆದಿದ್ದರು. ಅಂದು ಆರು ಕೊಟ್ಟವರು ಈಗ ಒಂಬತ್ತು ಕೊಟ್ಟಿದ್ದರು. ಅವಳು ಹಳೆಯ ಮೇಲ್ ತೆರೆದು ಹುಡುಕಿದಳು. ಸಿಕ್ಕಿತು. ಏಳುನೂರು ಪದವೂ ಇತ್ತು. ಮಾರನೇ ದಿನ ಊಟದ ಬಿಡುವಿನಲ್ಲಿ ಅದನ್ನು ಅಂಗಡಿಯಲ್ಲಿ ಪ್ರಿಂಟು ಹಾಕಿಸಿದಳು. ಗೆಳತಿಯಿಂದ ನಿಶತ್‌ಳ ನಂಬರು ಪಡೆದು, ‘ಭಾನುವಾರ ಮನೆಗೆ ಬರ್ಲಾ?’ ಎಂದು ಕಳಿಸಿದಳು. ಸಂಜೆ ಉತ್ತರ ಬಂತು: ‘ಬಾ.’

ದೊಡ್ಡಬಳ್ಳಾಪುರ, ದೇವನಹಳ್ಳಿ, ಅಲ್ಲಿ ಬಸ್ಸು ಬದಲಿಸಿ ಸೂಲಿಬೆಲೆ ಮೇಲೆ ಹೊಸಕೋಟೆ. ಮೂರು ಗಂಟೆಯ ದಾರಿಯುದ್ದಕ್ಕೂ ದಿವ್ಯ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಬಾಗಿಲು ತೆರೆದ ನಿಶತ್‌ಳ ಕೂದಲಲ್ಲಿ ನರೆ ಇಣುಕಿತ್ತು. ಥೇಟ್ ಅಮ್ಮಿಯ ಮುಖ. ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು.

ನಡುಮನೆಯ ಮಂಚದ ಮೇಲೆ ನೂರ್ ಅಹಮದ್ ಮಲಗಿದ್ದರು. ಈಗ ಮಗಳ ಜೊತೆಯಲ್ಲೇ ಇದ್ದರು. ಗುರುತು ಹಿಡಿದು, “ತೂಬಗೆರೆ ದಿವ್ಯ ಅಲ್ವೇನಮ್ಮ? ಕೂತ್ಕೋ,” ಎಂದರು.

ದಿವ್ಯ ಕಾಗದ ತೆಗೆದು ನಿಶತ್‌ಳ ಮುಂದಿಟ್ಟಳು. “ಗೋದಾಮಿಗೆ ಹೊಸ ಸೊನಾರಾ ಬಂದಿತ್ತು ಕಣೇ, ಹಾಕ್ಕೊಂಡು ನೋಡಿದ್ಮೇಲೆ ಇದನ್ನ ಹುಡುಕ್ದೆ. ಪೂರ್ತಿ ಇದೆ. ನಾನು ತೆಗೆದಿದ್ದೂ ಇದೆ. ನೀನು ಹೂಂ ಅಂದ್ರೆ ಇದನ್ನ ಎಲ್ಲಾದ್ರೂ ಪ್ರಕಟ ಮಾಡ್ಸೋಣ. ತಪ್ಪು ನಂದು ಅಂತಾನೂ ಬರೀತೀನಿ.”

ನಿಶತ್ ಕಾಗದ ಮುಟ್ಟಲಿಲ್ಲ. ಮಂಚದ ಕಡೆ ತಿರುಗಿ, “ಅಬ್ಬಾಗೆ ಕೇಳೋ ಹಾಗೆ ಓದು,” ಎಂದಳು.

ದಿವ್ಯ ಓದಿದಳು.

‘ನಮ್ಮಮ್ಮ ಇಪ್ಪತ್ತೆರಡು ವರ್ಷ ಪವರ್‌ಲೂಮ್ ಮುಂದೆ ನಿಂತವಳು. ಎರಡು ಮಗ್ಗದ ಸದ್ದಿನಲ್ಲಿ ಯಾವುದರ ಎಳೆ ಹರಿಯಿತು ಎಂದು ನೋಡದೆ ಹೇಳುತ್ತಾಳೆ. ನಾವು ಬಣ್ಣ ನೋಡಿ ಕೈ ಬೀಸುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ಅವಳು ತಾಳ ಬರುವ ಮೊದಲೇ ಕೈ ಎತ್ತಿ ಕಾದಿರುತ್ತಿದ್ದಳು. ಕ್ಯಾಮೆರಾ ತಡ ಎನ್ನುವವರು ಒಮ್ಮೆ ಅವಳ ಹಿಂದೆ ನಿಂತು ನೋಡಬೇಕು. ಇದು ಗುರಿಯಿಟ್ಟು ಹೊಡೆಯುವ ಆಟವಲ್ಲ, ಕಿವಿಗೊಟ್ಟು ಹೊಡೆಯುವ ಆಟ. ಇಷ್ಟು ವರ್ಷ ಸದ್ದು ಹೇಳಿದಂತೆ ಅವಳು ಕೇಳಿದ್ದಳು. ಆ ಸಂಜೆ ಅವಳು ಹೇಳಿದಂತೆ ಸದ್ದು ಕೇಳಿತು.’

ಮಂಚದ ಮೇಲಿಂದ ನೂರ್ ಅಹಮದ್, “ಇನ್ನೊಂದ್ಸಲ ಓದಮ್ಮ,” ಎಂದರು. ದಿವ್ಯ ಇನ್ನೊಂದು ಸಲ ಓದಿದಳು. ಅವರು ಗೋಡೆ ಕಡೆ ತಿರುಗಿ ಮಲಗಿದರು.

ನಿಶತ್ ಒಳಗೆ ಹೋಗಿ ಚಹಾ ತಂದಳು. ಬಂದವಳ ಮುಖದಲ್ಲಿ ಸಣ್ಣ ನಗು.

“ಒಂದು ವಿಷಯ ನಾನೂ ಬರ್ದಿರ್ಲಿಲ್ಲ ಕಣೇ. ಅವತ್ತು ಆಡಿದ್ಮೇಲೆ ಅಮ್ಮಿಗೆ ಎರಡು ದಿನ ಭುಜ ಎತ್ತೋಕಾಗ್ಲಿಲ್ಲ. ಬಿಸಿನೀರಿನ ಕಾವು ಕೊಟ್ಟಿದ್ದು ನಾನೇ. ನಿನ್ನ ಬೈದಿದ್ದೂ ಬೈದಿದ್ದೇ, ಆ ತೂಬಗೆರೆ ಹುಡುಗಿ ಎಳೆದು ನಿಲ್ಲಿಸಿದ್ಲು ಅಂತ. ಕೈ ನೋವು ಅಂತ ನೀನು ಹಾಕಿದ್ದೇನು ಸುಳ್ಳಲ್ಲ.”

“ಆದ್ರೂ ನಾನು...”

“ಪ್ರಕಟ ಎಲ್ಲ ಬೇಡ. ಅಚ್ಚಲ್ಲಿ ಬರ್ಲಿ ಅಂತ ಆಸೆ ಇದ್ದಿದ್ದು ಅಮ್ಮಿಗೆ ತೋರ್ಸೋಕೆ. ಕಾಗದ ಇಟ್ಟು ಹೋಗು, ನನ್ನ ಹತ್ರ ನೋಟ್‌ಬುಕ್ಕೂ ಉಳೀಲಿಲ್ಲ.”

“ನನ್ನ ಮೇಲೆ ಸಿಟ್ಟಿದ್ಯಾ?”

ನಿಶತ್ ಯೋಚಿಸಿದಳು. ಲೆಕ್ಕದ ಟೀಚರ್ ಯೋಚಿಸುವ ಹಾಗೆ ನಿಜವಾಗಿಯೇ ಯೋಚಿಸಿದಳು. “ಸಿಟ್ಟು ಯಾವಾಗ್ಲೋ ಹೋಯ್ತು ದಿವ್ಯಾ. ಆಮೇಲೆ ಅಭ್ಯಾಸ ತಪ್ಪೋಯ್ತು, ಅಷ್ಟೆ.”

ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು. ಅಳಬಾರದೆಂದು ದಿವ್ಯ ಚಹಾ ಲೋಟವನ್ನೇ ನೋಡುತ್ತ ಕೂತಳು.

ಬಸ್ ನಿಲ್ದಾಣದತನಕ ನಿಶತ್ ಜೊತೆಯಲ್ಲೇ ಬಂದಳು. ಸೂಲಿಬೆಲೆ ಬಸ್ಸು ನಿಂತಿತ್ತು. ದಿವ್ಯ ಹತ್ತುವಷ್ಟರಲ್ಲಿ ಅವಳು ಕೇಳಿದಳು: “ಆ ಹೊಸ ಸೊನಾರಾ, ಅದು ಹೇಗಿದೆ?”

ದಿವ್ಯ ಕಾಲು ಕೆಳಗಿಟ್ಟಳು. ಹದಿನಾಲ್ಕು ವರ್ಷದಲ್ಲಿ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ.

“ಚೆನ್ನಾಗಿದೆ. ಬಣ್ಣ ಎಲ್ಲ ಮೈಮೇಲೇ ಬರುತ್ತೆ. ತಡ ಅನ್ನೋದು ಒಂಚೂರೂ ಇಲ್ಲ. ಆದ್ರೆ...” ಅವಳು ಹುಡುಕಿ ಹುಡುಕಿ ಹೇಳಿದಳು, “ಕಣ್ಣಿಗೆ ಕಟ್ಕೊಂಡ್ರೆ ಕೋಣೇನೇ ಇರಲ್ಲ ಕಣೇ. ಆಗ ಗೋಡೆ ಬೆನ್ನಿಗೆ ತಾಗ್ತಿತ್ತು, ನೀನು ಪಕ್ಕದಲ್ಲಿ ಕಿರುಚ್ತಿದ್ದೆ, ಬಾಗಿಲಲ್ಲಿ ಅಮ್ಮಿ. ಇದರಲ್ಲಿ ಕೈ ಎಷ್ಟು ಚಾಚಿದ್ರೂ ಯಾರಿಗೂ ತಾಗಲ್ಲ. ಹಿಂದೆ ಯಾರೋ ನೋಡ್ತಾ ನಿಂತಿದಾರೆ ಅನ್ಸಿ ತಿರುಗ್ದೆ. ಅಲ್ಲೂ ನೀಲಿ.”

ಬಸ್ಸು ಹೊರಟುಹೋಯಿತು. ಇಬ್ಬರೂ ಅದನ್ನು ನೋಡಿದರು, ನಿಲ್ಲಿಸಲಿಲ್ಲ. ಮುಂದಿನದೂ ಹೋಯಿತು. ಮೂರನೆಯದಕ್ಕೆ ದಿವ್ಯ ಹತ್ತುವಾಗ ನಿಶತ್, “ಈಗ ಹೇಳಿದ್ಯಲ್ಲ, ಅದನ್ನ ಬರ್ದು ಕಳ್ಸು. ನೋಡ್ತೀನಿ,” ಎಂದಳು.

ದಿವ್ಯ ಬರೆದಳು. ಎಂದೂ ಬರೆದವಳಲ್ಲ, ಬೇರೆಯವರದನ್ನು ತಿದ್ದಿದವಳು. ಆ ಒಂದು ಪುಟಕ್ಕೆ ನಾಲ್ಕು ಭಾನುವಾರ ಹಿಡಿಯಿತು. ಕಳಿಸಿದ ಮೇಲೆ ಎಂಟು ದಿನ ಉತ್ತರವಿಲ್ಲ. ದಿನಾ ಸಂಜೆ ಬಸ್ಸು ಹತ್ತಿದ ಕೂಡಲೇ ಫೋನು ನೋಡುವಳು, ಇಲ್ಲ. ಪರೀಕ್ಷೆ ಪೇಪರು ತಿದ್ದುತ್ತಿರಬಹುದು ಎಂದುಕೊಳ್ಳುವಳು. ಒಂಬತ್ತನೇ ದಿನ, ಬಸ್ಸು ದಾಬಸ್‌ಪೇಟೆಯ ಮೇಲ್ಸೇತುವೆ ಇಳಿಯುವಾಗ, ಬಂತು. ಹೊಗಳಿಕೆಯಿಲ್ಲ, ಕುಶಲಪ್ರಶ್ನೆಯಿಲ್ಲ.

‘ಎರಡನೇ ವಾಕ್ಯ ತುಂಬಾ ಉದ್ದ. ಒಡೆದು ಕಳ್ಸು.’

ದಿವ್ಯ ಕಿಟಕಿ ಪಕ್ಕಕ್ಕೆ ಸರಿದು ಕೂತು, ದೊಡ್ಡಬೆಳವಂಗಲ ಬರುವುದರೊಳಗೆ ಆ ವಾಕ್ಯವನ್ನು ಮೂರು ಮಾಡಿದಳು.